ಕಣ್ಣು ಬಿಟ್ಟ ಫೋಟೋ

ಕ್ಷೌರಿಕನ ಕೈ ತಲೆಗೆ ತಾಗಿದರೆ ಸಾಕು, ಎಂಥವರಿಗೂ ಜೊಂಪು ಹತ್ತುತ್ತಿತ್ತು. ಅರ್ಧ ಕಟಿಂಗ್ ಆಗುವಷ್ಟರಲ್ಲಿ ಗಿರಾಕಿಗಳು ಗೊರಕೆ ಹೊಡೆಯುತ್ತಿದ್ದರು. ಇದೊಂದು ವರವೆಂದೇ ಆ ಬಡಪಾಯಿ ನಂಬಿದ್ದ.

ಹೆರಿಗೆಯಾದ ಹೆಂಡತಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ಹೊಲಿಗೆ ಕೀವುಗಟ್ಟಿ ಜ್ವರ ಇಳಿದಿರಲಿಲ್ಲ. ಬಾಣಂತಿಯ ಖರ್ಚೆಲ್ಲ ಸರ್ಕಾರಿ ವಿಮೆಯದು, ಅದೊಂದು ನೆಮ್ಮದಿ. ಅಷ್ಟರಲ್ಲಿ ಕೂಸಿಗೆ ಹರ್ನಿಯಾ ಎಂದರು ಡಾಕ್ಟರು.

"ನಾಳೇನೇ ಆಪರೇಷನ್ ಆಗ್ಬೇಕು, ತಡ ಮಾಡಿದ್ರೆ ಜೀವಕ್ಕೇ ಕುತ್ತು. ತಾಯಿ ವಿಮೆ ಕಾರ್ಡಲ್ಲಿ ಅದು ಬರಲ್ಲ. ಮಗು ಹೆಸರಲ್ಲೇ ಒಂದು ಕಾರ್ಡ್ ಮಾಡಿಸ್ಕೊಂಡು ಬನ್ನಿ."

ಕೂಸನ್ನು ಎದೆಗವಚಿಕೊಂಡು, ಅತ್ತೆಯನ್ನೂ ಕರೆದುಕೊಂಡು ವಿಮಾ ಕಚೇರಿಗೆ ಓಡಿದ.

ಕೌಂಟರಿನ ಮೇಡಂ ಕ್ಯಾಮೆರಾ ತಿರುಗಿಸಿದಳು. "ಕಣ್ಣು ಬಿಡ್ಸಿ."

"ಮಲಗಿದೆ ಮೇಡಂ. ಮೊನ್ನೆ ಹುಟ್ಟಿದ್ದು, ಮಲಗೋದು ಬಿಟ್ಟು ಬೇರೇನು ಕೆಲ್ಸ ಅದಕ್ಕೆ?"

"ಕಣ್ಣು ಕಾಣ್ದಿದ್ರೆ ಮೆಷಿನ್ ಒಪ್ಪಲ್ಲ."

"ಇಲ್ಲಿ ಕೊಡಿ ಅಳಿಯಂದ್ರೇ," ಎಂದಳು ಅತ್ತೆ. "ನಿಮ್ಮ ಕೈಲಿದ್ರೆ ಅದು ಮೀಸೆ ಬರೋವರ್ಗೂ ಏಳಲ್ಲ."

"ಅಜ್ಜಿ ಹಿಡ್ಕೊಳ್ಳೋ ಹಾಗಿಲ್ಲ. ತಾಯಿ, ಇಲ್ಲಾಂದ್ರೆ ತಂದೆ. ರೂಲ್ಸು."

ಸರಿ, ಇಡೀ ಸಾಲಿಗೆ ಕೆಲಸ ಸಿಕ್ಕಿತು. ರಿಟೈರಾದ ಮೇಷ್ಟರು ಕೂಸಿನ ಅಂಗಾಲಿಗೆ ಕಚಗುಳಿಯಿಟ್ಟರು. ತರಕಾರಿಯವಳು ಕೀಲಿಗೊಂಚಲು ಅಲ್ಲಾಡಿಸಿದಳು. ಬಸ್ ಡ್ರೈವರೊಬ್ಬ ಬಾಯಲ್ಲೇ ಹಾರನ್ ಹೊಡೆದ. ಪಕ್ಕದ ಕೌಂಟರಿನ ಗುಮಾಸ್ತ ಬೆಚ್ಚಿಬಿದ್ದು ಎದ್ದ, ಕೂಸು ಮಾತ್ರ ಏಳಲಿಲ್ಲ.

"ಅಯ್ಯೋ ರಾಮ! ತಲೆ ಮೇಲಿಂದ ಕೈ ತೆಗೀರಿ ಮೊದ್ಲು!" ಅತ್ತೆ ಕಿರುಚಿದಳು.

ಅವನು ಕೂಸಿನ ತಲೆಯನ್ನು ಮೊಣಕೈಗೆ ಒರಗಿಸಿದ. ಕೂಸು ಕಣ್ಣು ಬಿಟ್ಟು, ಮೇಡಂ ಮುಖ ಕಂಡದ್ದೇ ಕಟ್ಟಡ ಹಾರಿಹೋಗುವಂತೆ ಕಿರುಚಿತು. ಫೋಟೋ ಬಿತ್ತು, ಕಾರ್ಡೂ ಬಂತು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಕ್ಷೌರಿಕನಿಗೆ ಅಳುವೇ ಬಂದುಬಿಟ್ಟಿತು.

ಆಗಲೇ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. "ಏನಣ್ಣಾ, ನಿಮ್ಮ ಹೆಂಡ್ತಿ ಕಾರ್ಡ್ ಈಗಷ್ಟೇ ಬಂದ್ ಆಗಿದೆ. ಸಂಜೆ ಇಂಜೆಕ್ಷನ್ ಹೇಗೆ ಕೊಡ್ಲಿ? ಜ್ವರ ಬೇರೆ ಏರ್ತಿದೆ."

ಅವನು ಕೌಂಟರಿಗೆ ಜೋತುಬಿದ್ದ. ಮೇಡಂ ಕಂಪ್ಯೂಟರ್ ನೋಡಿ ತಲೆಯಾಡಿಸಿದಳು.

"ಹೌದು ಮತ್ತೆ. ತಾಯಿ ಕಾರ್ಡಲ್ಲಿ ಮಗು ಇರೋವರ್ಗೂ ಅವ್ರು ಬಾಣಂತಿ, ವಿಮೆ ಇರುತ್ತೆ. ಮಗೂನ ಬೇರೆ ಕಾರ್ಡಿಗೆ ಹಾಕಿದ್ವಲ್ಲ, ಈಗ ಅವ್ರಿಗೆ ಮಗುವೇ ಇಲ್ಲ."

"ಮಗುವೇ ಇಲ್ವಾ? ಹಾಗಾದ್ರೆ ಇದ್ಯಾರು?"

"ಇದು ಬೇರೆ ಫಲಾನುಭವಿ."

ಈ ನಿಯಮ ಬರೆದ ಪುಣ್ಯಾತ್ಮನಿಗೆ ತಾಯಿ ಇದ್ದಳೋ ಇಲ್ಲವೋ! ಮಗುವಿಗೆ ನಾಳೆ ಆಪರೇಷನ್, ಹೆಂಡತಿಗೆ ಈ ಸಂಜೆ ಇಂಜೆಕ್ಷನ್. ಕ್ಷೌರಿಕ ಅತ್ತೆಯ ಮುಖ ನೋಡಿದ.

"ಇವತ್ತು ನನ್ನ ಮಗಳು ಉಳೀಲಿ," ಎಂದಳು. "ನಾಳೇದು ನಾಳೆ ನೋಡೋಣ."

"ಮಗು ಕಾರ್ಡ್ ರದ್ದು ಮಾಡಿ ಮೇಡಂ," ಎಂದ ಅವನು. "ಮತ್ತೆ ತಾಯಿ ಕಾರ್ಡಿಗೇ ಸೇರ್ಸಿ."

"ಅದಕ್ಕೇನು, ಮಾಡೋಣ." ಮೇಡಂ ಕ್ಯಾಮೆರಾ ತಿರುಗಿಸಿದಳು. "ಕಣ್ಣು ಬಿಡ್ಸಿ."

ಅವನು ಕೆಳಗೆ ನೋಡಿದ. ಅಳುತ್ತಿದ್ದ ಕೂಸನ್ನು ಸಮಾಧಾನ ಮಾಡಲು ಅವನ ಕೈ ತಾನಾಗಿಯೇ ಅದರ ತಲೆ ಸವರುತ್ತಿತ್ತು. ಕೂಸು ಹಾಯಾಗಿ ಮಲಗಿಬಿಟ್ಟಿತ್ತು.