ಮೆತ್ತನ ಕಣ, ಗಟ್ಟಿ ಕಣ

ಸಿಟ್ಟು ಬಂದಾಗ ತಣ್ಣೀರು ಕುಡಿಯಿರಿ ಎಂದು ಹೇಳುವವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಸಿಂದಗಿಯ ನೀರು ಕುಡಿದು ಸಿಟ್ಟು ಇಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ಅದರಲ್ಲೂ ಒಬ್ಬ ಮನುಷ್ಯ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದು ನಿಜವನ್ನು ಕಂಡುಹಿಡಿದಾಗ, ಕೇಳಿದವರೆಲ್ಲ 'ಹಂಗೆಲ್ಲ ಆಗಂಗಿಲ್ಲ ಬಿಡ್ರಿ' ಎಂದುಬಿಟ್ಟರೆ, ಕೃಷ್ಣೆಯನ್ನೇ ಆಲಮಟ್ಟಿಯಿಂದ ಮನೆಗೆ ತಿರುಗಿಸಿ ತಂದರೂ ಆ ಉರಿ ಆರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸಿಂದಗಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತ, ಜೊತೆಗೆ ಪಿಎಚ್.ಡಿ. ಎಂಬ ಹುಚ್ಚನ್ನೂ ಹಚ್ಚಿಕೊಂಡಿದ್ದೆ. ಪಡಸಾಲೆಯಲ್ಲಿ ಒಂದು ಕಂಪ್ಯೂಟರು, ಅದರ ಮೇಲೆ ನನ್ನ ಹೆಂಡತಿ ಗಿರಿಜಾ ಕಸೂತಿ ಹಾಕಿದ ಬಟ್ಟೆ, ಅದರೊಳಗೆ ಬರೀ ಲೆಕ್ಕದಲ್ಲಿ ಓಡಾಡುವ ನನ್ನ ಕಣಗಳು. ಗೋಲಿಗುಂಡಿನಂಥ ಗಟ್ಟಿ ಕಣಗಳನ್ನು ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿದರೆ ಅವು ಅಲುಗುವುದಿಲ್ಲ. ನನ್ನವು ಅಂಥವಲ್ಲ, ಅತಿ ಮೃದು. ಒಂದರ ಮೇಲೊಂದು ಕೂತರೂ, ಒಂದರೊಳಗೊಂದು ಹೊಕ್ಕರೂ ತಕರಾರಿಲ್ಲ. ದಟ್ಟಣೆ ಹೆಚ್ಚಿಸಿದಂತೆ ಮೊದಮೊದಲು ಅವೂ ಶಿಸ್ತಾಗಿ ಅಂತರ ಕಾಯ್ದುಕೊಂಡು ನಿಧಾನವಾದವು. ಇನ್ನೂ ತುರುಕಿದೆ. ಆಗ ಶಿಸ್ತೆಲ್ಲ ಮುರಿದುಬಿತ್ತು. ನಿಂತೇ ಹೋಗಬೇಕಾಗಿದ್ದ ಕಣಗಳು ಮೊದಲಿಗಿಂತ ಸರಾಗವಾಗಿ ಓಡಾಡತೊಡಗಿದವು. ಸಂತೆಯ ದಿನ ತಾಳಿಕೋಟೆಯಿಂದ ಮುದ್ದೇಬಿಹಾಳದ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಧಾರಣ ರಶ್ಶಿದ್ದಾಗ ಪ್ರತಿಯೊಬ್ಬನೂ ತನ್ನ ಜಾಗದಲ್ಲಿ ಗೂಟ ಹೊಡೆದುಕೊಂಡು ನಿಂತಿರುತ್ತಾನೆ. ರಶ್ಶು ಮಿತಿ ಮೀರಿದ ದಿನ ನಾನು ಹಿಂದಿನ ಬಾಗಿಲಲ್ಲಿ ಹತ್ತಿ, ಕಾಲೆತ್ತದೆಯೇ, ಡ್ರೈವರನ ಪಕ್ಕಕ್ಕೆ ಬಂದು ತಲುಪಿದ್ದುಂಟು.

ಧಾರವಾಡದ ನನ್ನ ಗೈಡಿನೆದುರು ಈ ಬಸ್ಸಿನ ಮಾತೆತ್ತಿದ್ದೇ ತಪ್ಪಾಯಿತು. "ಗದ್ದಲ ಹೆಚ್ಚಾದ್ರ ಓಡಾಟ ಹೆಚ್ಚಾಗ್ತದೇನ್ರಿ? ನಿಮ್ಮ ಪ್ರೋಗ್ರಾಮ್ ತಪ್ಪದ. ಸುಮ್ನ ಗಟ್ಟಿ ಕಣ ತಗೋರಿ. ಎಲ್ಲಾರೂ ಅದನ್ನ ಮಾಡೇ ಡಾಕ್ಟರ್ ಆಗ್ಯಾರ" ಎಂದರು. ಎಲ್ಲರೂ ಮಾಡಿದ್ದನ್ನೇ ಮಾಡುವುದಾದರೆ ಅದಕ್ಕೆ ಸಂಶೋಧನೆ ಎಂಬ ದೊಡ್ಡ ಹೆಸರೇಕೆ? ಮನೆಗೆ ಬಂದು ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದೆ. ಕರೆಂಟು ಹೋದಾಗಲೆಲ್ಲ ಮತ್ತೆ ಮೊದಲಿನಿಂದ ಓಡಿಸಿದೆ. ಪ್ರತಿ ಸಲವೂ ಅದೇ ಉತ್ತರ. ಮುಂದಿನ ತಿಂಗಳು ಧಾರವಾಡಕ್ಕೆ ಹೋಗಿ ಗೈಡನ್ನು ಒಪ್ಪಿಸಬೇಕು. ಒಪ್ಪದಿದ್ದರೆ ನನ್ನ ಮೆತ್ತನ ಕಣಗಳಿಗೆ ಎಳ್ಳುನೀರು.

ಇಂಥ ಹೊತ್ತಿಗೆ ಸರಿಯಾಗಿ ತಾಂಬಾದಿಂದ ನಮ್ಮ ಮಾವನವರು ಬಂದರು. ಜೋಳದ ರಾಶಿ ಮುಗಿಸಿ ಮಗಳ ಮನೆಯಲ್ಲಿ ನಾಲ್ಕು ದಿನ ಇರಲೆಂದು ಬಂದವರು, ಕಂಪ್ಯೂಟರಿನ ಮುಂದೆ ಹಲ್ಲು ಕಡಿಯುತ್ತ ಕೂತ ನನ್ನನ್ನು ಕಂಡು ಮಗಳನ್ನು ಕೇಳಿದರು. ಗಿರಿಜಾ ತನಗೆ ತಿಳಿದಷ್ಟು ಹೇಳಿದಳು: "ಮೆತ್ತನ ಕಣದ ಮ್ಯಾಲ ಓದಾಕತ್ತಾರಪ್ಪ."

ನಮ್ಮ ಕಡೆ ಕಣ ಎಂದರೆ ರಾಶಿ ಮಾಡುವ ಕಣವೇ. ಮಾವನವರ ಮುಖ ಕಪ್ಪಿಟ್ಟಿತು.

"ಅಳಿಯಾರ, ನಿಮಗ ಯಾವಾಂವ ಹೇಳಿದಾಂವ? ಕಣಾ ಗಟ್ಟಿ ಇರಬೇಕ್ರಿ. ಮೆತ್ತಗಿದ್ರ ಜ್ವಾಳೆಲ್ಲಾ ಮಣ್ಣಾಗ ಇಳೀತೈತಿ."

"ಆ ಕಣ ಅಲ್ರಿ ಮಾವಾರ. ಇದು ಕಣ್ಣಿಗೆ ಕಾಣಂಗಿಲ್ಲ."

"ಕಾಣಲಾರದ ಕಣದಾಗ ಏನ್ ರಾಶಿ ಮಾಡ್ತೀರಿ?"

ನನಗೂ ರೇಗಿತು. "ಈಗ ಕಣಾ ಮಾಡವ್ರು ಯಾರದಾರ್ರಿ? ನೀವ ಇಂಡಿ ರಸ್ತಾದ ಮ್ಯಾಲ ತೊಗರಿ ಹರವಿ ಬಸ್ ಹಾಯಿಸ್ತೀರಲ್ಲ?"

"ಡಾಂಬರ ಗಟ್ಟಿ ಐತಲ್ರಿ" ಎಂದರು ಮಾವನವರು.

ಅವರು ಅಷ್ಟಕ್ಕೇ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಅಳಿಯನ ಸಂಕಟವನ್ನು ಕಂಡಕಂಡವರೊಡನೆ ತೋಡಿಕೊಂಡರು. ಮರುದಿನ ಕಾಲೇಜಿಗೆ ಹೊರಟವನನ್ನು ಗುರುತು ಪರಿಚಯವಿಲ್ಲದ ಒಬ್ಬ ಯಜಮಾನರು ಅಡ್ಡಗಟ್ಟಿ, "ಸರ್, ಸಗಣಿ ಒಂದೀಟು ಹೆಚ್ಚಿಗಿ ಹಾಕಿ ಸಾರಸ್ರಿ, ಬಿಗಿ ಆಕ್ಕೈತಿ" ಎಂದು ಭುಜ ತಟ್ಟಿ ಹೋದರು. ಓದಿದ ಗೈಡು, ಉಳುವ ಮಾವ, ಬೀದಿಯ ಯಜಮಾನ, ಎಲ್ಲರ ಬಾಯಲ್ಲೂ ಒಂದೇ ಮಾತು. ನಾನು ಮನೆಗೆ ಬಂದು, ಇನ್ನು ಮೇಲೆ ಗಟ್ಟಿ ಎಂಬ ಶಬ್ದವನ್ನು ಈ ಮನೆಯಲ್ಲಿ ಯಾರೂ ಆಡಕೂಡದೆಂದು ಅಬ್ಬರಿಸಿದೆ. ಗಿರಿಜಾ ಊಟಕ್ಕೆ ಬಡಿಸುವಾಗ, "ಸಾರು ಅದ... ಏನೋ ಆಗೇತಿ, ನೀರ ಹಾಕ್ಲೇನ್ರಿ?" ಎಂದು ಕೇಳಿದಳು.

ತಿಂಗಳು ತುಂಬಿದಾಗ, ಆ ಸಿಟ್ಟನ್ನು ಹಾಗೇ ಕಟ್ಟಿಕೊಂಡು ಧಾರವಾಡಕ್ಕೆ ಹೊರಟೆ. ಬಸವನ ಬಾಗೇವಾಡಿ ದಾಟುವವರೆಗೆ ಮನಸ್ಸಿನಲ್ಲೇ ಗೈಡನ್ನು ತರಾಟೆಗೆ ತೆಗೆದುಕೊಂಡೆ. ಆಲಮಟ್ಟಿ ಬರುವಷ್ಟರಲ್ಲಿ ಅವರು ಕ್ಷಮೆ ಕೇಳಿಯಾಗಿತ್ತು. ಧಾರವಾಡದಲ್ಲಿ ಮಾತ್ರ ಅವರು ನನ್ನ ಗ್ರಾಫುಗಳ ಮೇಲೆ ಚಹಾದ ಕಪ್ಪು-ಬಸಿ ಇಟ್ಟು, "ಮತ್ತ, ಗಟ್ಟಿ ಕಣ ಅಂತ ನಿಶ್ಚೆ ಮಾಡೂಣಲ್ಲ?" ಎಂದರು. "ಆಗ್ಲಿ ಸರ್" ಎಂಬ ದನಿಯೊಂದು ಕೇಳಿಸಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದು ನನ್ನದೇ ಇರಬೇಕು. ತಾಂಬಾದಲ್ಲಿ ಸುದ್ದಿ ಕೇಳಿದ ಮಾವನವರು, ಅಳಿಯನ ಕಣ ಕೊನೆಗೂ ಗಟ್ಟಿಯಾಯಿತೆಂದು ಓಣಿಗೆಲ್ಲ ಫೇಡೆ ಹಂಚಿದರು.

ಗಟ್ಟಿ ಕಣದಿಂದ ನಾನೂ ಡಾಕ್ಟರನಾದೆ. ಕೆಲವು ವರ್ಷಗಳ ಮೇಲೆ ಒಂದು ವಿದೇಶಿ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಯಾರೋ ಪುಣ್ಯಾತ್ಮರು, ಅತಿ ಮೃದು ಕಣಗಳನ್ನು ಬಹಳ ಒತ್ತಿದರೆ ಅವು ಹೆಚ್ಚು ಓಡಾಡುತ್ತವೆಂದು ಬರೆದಿದ್ದರು. ಗ್ರಾಫು ಥೇಟ್ ನನ್ನದೇ. ಮರುದಿನವೇ ಆ ಪತ್ರಿಕೆ ಹಿಡಿದು ಧಾರವಾಡಕ್ಕೆ ಹೋಗಿ, ನಿವೃತ್ತರಾಗಿ ಅಂಗಳದಲ್ಲಿ ಕೂತಿದ್ದ ಗೈಡಿನ ಮುಂದೆ ಇಟ್ಟೆ. ಇವತ್ತು ಬಿಡುವುದಿಲ್ಲ ಎಂದುಕೊಂಡು ನಿಂತೆ. ಅವರು ಕಡೆಯ ಸಾಲಿನವರೆಗೆ ಓದಿ, ಚಸ್ಮಾ ತೆಗೆದು, ನನ್ನನ್ನು ದುರುಗುಟ್ಟಿ ನೋಡಿದರು.

"ಅಲ್ರಿ, ನೀವು ಹೇಳಿದ್ದು ಖರೇ ಅದ. ಇಷ್ಟ ಖಾತ್ರಿ ಇದ್ದಾವ್ರು ಅವತ್ತ ಒಂದೀಟು ಗಟ್ಟ್ಯಾಗಿ ಹೇಳಬಾರದಾಗಿತ್ತೇನು?"

"ತಪ್ಪಾತ್ರಿ ಸರ್" ಎಂದೆ, ಮೆತ್ತಗೆ.