ನಾಲ್ಕು ಸೆಕೆಂಡಿನ ಪಾಠ

ಪಾಠದ ವಿಡಿಯೊ ಎಂದರೆ ಮೂರು ನಿಮಿಷ. ಬೋಧನಾ ಮಾಧ್ಯಮ ಕೇಂದ್ರದ ನಿಯಮಾವಳಿಯಲ್ಲಿ ಇದು ಮೊದಲನೇ ನಿಯಮ, ಇದನ್ನು ಇಂದಿನವರೆಗೆ ಯಾರೂ ಪ್ರಶ್ನಿಸಿಲ್ಲ. ನಾನು ಆ ಕೇಂದ್ರದ ಪರಿಶೀಲನಾ ಗುಮಾಸ್ತ. ಗಣಿತದ ಮೇಷ್ಟ್ರ ವಿಷಯದಲ್ಲಿ ಜನ ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯ. ಕಡತ ನನ್ನ ಮುಂದೆಯೇ ಇದೆ, ಒಂದಕ್ಷರ ಸುಳ್ಳಿಲ್ಲ.

ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಐದನೇ ತರಗತಿಗೆ ಪಾಠ ಮಾಡುತ್ತಿದ್ದವರು. ಭಿನ್ನರಾಶಿ ಕಲಿಸಲು ಅವರಿಗೆ ಒಂದು ಹಾಳೆ ಸಾಕಿತ್ತು. ಒಮ್ಮೆ ಮಡಿಸಿ ಅರ್ಧ, ಮತ್ತೊಮ್ಮೆ ಮಡಿಸಿ ಕಾಲು, ಇನ್ನೊಮ್ಮೆ ಮಡಿಸಿ ಅರೆಕಾಲು ಎನ್ನುತ್ತಿದ್ದರು. ಮಕ್ಕಳಿಗೆ ಅರ್ಥವಾಗುತ್ತಿತ್ತು. ಆದರೆ ಅರ್ಥವಾದದ್ದಕ್ಕೆ ದಾಖಲೆ ಏನಿದೆ? ಹಾಗಾಗಿ ನಮ್ಮ ನಿರ್ದೇಶಕರು ಆದೇಶ ಹೊರಡಿಸಬೇಕಾಯಿತು.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಡಿಜಿಟಲ್ ಮಾಧ್ಯಮ ತಯಾರಿಕೆಯ ತರಬೇತಿ ಪಡೆದು, ತಿಂಗಳ ಕೊನೆಯೊಳಗೆ ಒಂದು ಪಾಠದ ವಿಡಿಯೊ ಮಂಜೂರು ಮಾಡಿಸಿಕೊಳ್ಳದ ಶಿಕ್ಷಕರು ತರಗತಿಯ ಹೊಸ್ತಿಲು ದಾಟತಕ್ಕದ್ದಲ್ಲ. ಅಂಥವರನ್ನು ಮುರಿದ ಬೆಂಚುಗಳ ಉಗ್ರಾಣಕ್ಕೆ ನಿಯೋಜಿಸಲಾಗುವುದು."

ಮರುದಿನವೇ ಮೇಷ್ಟ್ರು ಬಂದು ನನ್ನ ಮೇಜಿನ ಮುಂದೆ ನಿಂತರು. "ಸ್ವಾಮಿ, ಏನು ಬೇಕಾದ್ರೂ ಕಲೀತೀನಿ. ಮಕ್ಕಳನ್ನ ಬಿಟ್ಟಿರು ಅಂತ ಮಾತ್ರ ಹೇಳ್ಬೇಡಿ." ನನ್ನ ಮಗಳೂ ಅದೇ ತರಗತಿಯಲ್ಲಿದ್ದದ್ದರಿಂದ ಕನಿಕರವಾಯಿತು. ಅರ್ಜಿಗೆ ಅವತ್ತೇ ಮೊಹರು ಒತ್ತಿದೆ. ನನ್ನ ಇಡೀ ಸೇವಾವಧಿಯಲ್ಲಿ ಇಂಥ ಅವಸರ ಅದೊಂದೇ.

ತರಬೇತಿ ಹತ್ತು ದಿನ ನಡೆಯಿತು. ತರಬೇತುದಾರರು ಹಿಂದಿನ ವರ್ಷ ಕಾಂಪೋಸ್ಟ್ ಗೊಬ್ಬರದ ತರಬೇತಿ ಕೊಟ್ಟಿದ್ದ ಅನುಭವಿಗಳು. ಅದೇ ಸ್ಲೈಡುಗಳಲ್ಲಿ 'ಗೊಬ್ಬರ' ಎಂದಿದ್ದ ಕಡೆಯೆಲ್ಲ 'ವಿಡಿಯೊ' ಎಂದು ಹಾಕಿಸಿದ್ದರು. "ಉತ್ತಮ ವಿಡಿಯೊವನ್ನು ನೆರಳಿನಲ್ಲಿಟ್ಟು, ವಾರಕ್ಕೊಮ್ಮೆ ನೀರು ಚಿಮುಕಿಸಿ ಮಗುಚುತ್ತಿರಬೇಕು," ಎಂದು ಗಟ್ಟಿಯಾಗಿ ಓದಿದರು. ಮೂವತ್ತು ಶಿಕ್ಷಕರೂ ಬರೆದುಕೊಂಡರು.

ಮೇಷ್ಟ್ರು ಕೈ ಎತ್ತಿದರು. "ಸರ್, ನೀರು ಹಾಕಿದ್ರೆ ಫೋನ್ ಕೆಟ್ಟು ಹೋಗಲ್ವಾ?"

"ವಾರಕ್ಕೆ ಒಂದೇ ಸಲ ಅಂತಿದೆಯಲ್ರೀ," ಅಂದರು ತರಬೇತುದಾರರು. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಚಿತ್ರೀಕರಣ ಮನೆಯಲ್ಲೇ ನಡೆಯಿತು. ಮೇಷ್ಟ್ರ ಹೆಂಡತಿ ಬಟ್ಟೆ ಹೊಲಿಯುವವರು. ಹೊಲಿಗೆ ಯಂತ್ರದ ಮೇಲೆ ದಾರದ ಡಬ್ಬಿಗಳನ್ನು ಪೇರಿಸಿ ಫೋನ್ ನಿಲ್ಲಿಸಿದರು. ನಿಯಮದಂತೆ ಕೇಂದ್ರದ ಲಾಂಛನಕ್ಕೆ ಇಪ್ಪತ್ತು ಸೆಕೆಂಡು, ಸ್ವಾಗತಕ್ಕೆ ಮೂವತ್ತು, ನಿರ್ದೇಶಕರ ಸಂದೇಶಕ್ಕೆ ನಲವತ್ತು, ವಂದನಾರ್ಪಣೆಗೆ ಮೂವತ್ತು. ಉಳಿದದ್ದು ಅರವತ್ತು. ಆ ಒಂದು ನಿಮಿಷದಲ್ಲಿ ಮೇಷ್ಟ್ರು ಮೂರೂ ಮಡಿಕೆ ಮುಗಿಸಿದ್ದರು. ಪರಿಶೀಲನೆಗೆ ಬಂದಾಗ ನಾನೂ ನೋಡಿದೆ. ನನಗೆ ಐದನೇ ತರಗತಿಯಲ್ಲಿ ಹತ್ತದ ಅರೆಕಾಲು ಆವತ್ತು ತಲೆಗೆ ಹತ್ತಿತು. ಆದರೆ ನನ್ನ ಕೆಲಸ ಕಲಿಯುವುದಲ್ಲ, ಪರಿಶೀಲಿಸುವುದು.

ಅಷ್ಟರಲ್ಲಿ ಜಂಟಿ ನಿರ್ದೇಶಕರು ಮುನಿಸಿಕೊಂಡರು. ತಮ್ಮ ಸಂದೇಶವೇ ಇಲ್ಲದೆ ಮಕ್ಕಳಿಗೆ ಗಣಿತ ಹೇಗೆ ತಲುಪುತ್ತದೆ ಎಂಬುದು ಅವರ ನ್ಯಾಯವಾದ ಪ್ರಶ್ನೆ. ಅವರಿಗೆ ಮೂವತ್ತು ಸೆಕೆಂಡು ಕೊಡಲಾಯಿತು. ಮೇಷ್ಟ್ರು ಅರೆಕಾಲನ್ನು ಕೈಬಿಟ್ಟು ಮತ್ತೆ ಚಿತ್ರೀಕರಿಸಿದರು. ಆಮೇಲೆ 'ವಿಡಿಯೊವನ್ನು ನೋಡುವ ವಿಧಾನ' ಎಂಬ ಹದಿನೈದು ಸೆಕೆಂಡಿನ ಸೂಚನೆ ಕಡ್ಡಾಯವಾಯಿತು: ಕಣ್ಣು ತೆರೆದಿರಬೇಕು, ಪರದೆಯ ಕಡೆ ತಿರುಗಿರಬೇಕು. ಕಾಲು ಹೋಯಿತು, ಅರ್ಧ ಉಳಿಯಿತು.

"ಅರವತ್ತು, ಮೂವತ್ತು, ಹದಿನೈದು. ಸ್ವಾಮಿ, ನನಗಿಂತ ಚೆನ್ನಾಗಿ ನೀವೇ ಭಿನ್ನರಾಶಿ ಕಲಿಸ್ತಿದ್ದೀರಿ," ಅಂದರು ಮೇಷ್ಟ್ರು. ಇದನ್ನು ಮೆಚ್ಚುಗೆಯ ಪತ್ರಗಳ ಕಡತದಲ್ಲಿ ಸೇರಿಸಿದ್ದೇನೆ.

ಕೊನೆಗೆ ಸಲಹಾ ಸಮಿತಿಯ ಹೆಸರುಗಳಿಗೆ ಹನ್ನೊಂದು ಸೆಕೆಂಡು ಹೋಯಿತು. ಉಳಿದದ್ದು ನಾಲ್ಕು. ನಾಲ್ಕು ಸೆಕೆಂಡಿನಲ್ಲಿ ಹಾಳೆ ಮಡಿಸಲು ಆಗುವುದಿಲ್ಲ. ಮೇಷ್ಟ್ರು ಅದನ್ನು ಎತ್ತಿ ಹಿಡಿದು, "ಮಕ್ಕಳೇ, ಇದು ಒಂದು ಹಾಳೆ," ಎಂದಷ್ಟೇ ಹೇಳಿದರು.

ಮೇಷ್ಟ್ರ ಹೆಂಡತಿ ಕತ್ತರಿ ಹಿಡಿದುಕೊಂಡೇ ನಮ್ಮ ಕಚೇರಿಗೆ ಬಂದರು. "ಅಲ್ಲ ಕಣ್ರೀ, ಸುತ್ತ ಅಂಚೇ ಹೊಲೀತಾ ಹೋದ್ರೆ ಬಟ್ಟೆ ಎಲ್ರೀ? ಅವರಿಗೆ ಊಟ ಸೇರ್ತಿಲ್ಲ. ನಿದ್ದೇಲೂ ವಂದನಾರ್ಪಣೆ ಮಾಡ್ತಾರೆ." ತರಬೇತಿ ಪಡೆಯದವರ ತಾಂತ್ರಿಕ ಅಭಿಪ್ರಾಯವನ್ನು ಸ್ವೀಕರಿಸಲು ಅವಕಾಶವಿಲ್ಲ. ಕೂರಿಸಿ ನೀರು ಕೊಟ್ಟು ಕಳಿಸಿದೆ.

ಮಂಜೂರಾತಿ ಸಮಿತಿ ಕೂತು ವಿಡಿಯೊ ನೋಡಿತು. ಎಲ್ಲರಿಗೂ ತುಂಬಾ ಹಿಡಿಸಿತು. ಒಂದೇ ಆಕ್ಷೇಪಣೆ ಬಂತು, ಬರೆದವನು ನಾನೇ: "ಸಮಿತಿಯ ಹೆಸರುಗಳಿಗೂ ವಂದನಾರ್ಪಣೆಗೂ ನಡುವೆ ಯಾರೋ ಹಾಳೆ ಹಿಡಿದು ನಿಂತಿರುವ ನಾಲ್ಕು ಸೆಕೆಂಡಿನ ದೃಶ್ಯವಿದೆ. ಇದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ. ತೆಗೆಯುವುದು."

ಅವತ್ತು ತಿಂಗಳ ಕೊನೆಯ ದಿನ. ಮೇಷ್ಟ್ರು ಎದುರಿನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಆ ನಾಲ್ಕು ಸೆಕೆಂಡನ್ನು ಇನ್ನೊಮ್ಮೆ ಹಾಕಿ ನೋಡಿದರು. "ತೆಗೆದ್ರೆ ತರಗತಿಗೆ ಬಿಡ್ತೀರಾ?"

"ಬಿಡ್ದೆ ಏನ್ರೀ ಮೇಷ್ಟ್ರೇ, ನಿಯಮ ಅಂದ್ರೆ ನಿಯಮ."

ತೆಗೆದರು. ಆ ಜಾಗಕ್ಕೆ ಲಾಂಛನವನ್ನು ಇನ್ನೊಮ್ಮೆ ಹಾಕಲಾಯಿತು. ವಿಡಿಯೊಗೆ 'ಅತ್ಯುತ್ತಮ' ಶ್ರೇಣಿ ಬಂತು.

ಕೊಟ್ಟ ಮಾತಿನಂತೆ ಅವರನ್ನು ಅದೇ ತರಗತಿಗೆ ಕಳಿಸಿದೆವು. ಮಂಜೂರಾದ ವಿಡಿಯೊ ಇರುವಲ್ಲಿ ಶಿಕ್ಷಕರು ಮಾತಾಡುವಂತಿಲ್ಲ, ಅದು ಮೂವತ್ತೊಂದನೇ ನಿಯಮ. ಆದರೆ ಗುಂಡಿ ಒತ್ತಲು ತರಬೇತಾದವರೇ ಬೇಕು. ಮೇಷ್ಟ್ರು ದಿನಾ ಬಂದು ಗುಂಡಿ ಒತ್ತಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಗಂಟೆ ಬಾರಿಸುವವರೆಗೆ ವಿಡಿಯೊ ಹದಿಮೂರು ಸಲ ಬರುತ್ತದೆ. ಪರೀಕ್ಷೆಯಲ್ಲಿ 'ನಿರ್ದೇಶಕರ ಸಂದೇಶವನ್ನು ಪೂರ್ಣವಾಗಿ ಬರೆಯಿರಿ' ಎಂಬ ಲೆಕ್ಕಕ್ಕೆ ಎಲ್ಲ ಮಕ್ಕಳಿಗೂ ಪೂರ್ತಿ ಅಂಕ.

ನಿರ್ದೇಶಕರು ನನ್ನನ್ನೂ ಕರೆದುಕೊಂಡು ತಪಾಸಣೆಗೆ ಬಂದ ದಿನ ಮಾತ್ರ ಒಂದು ಅಚಾತುರ್ಯವಾಯಿತು. ವಂದನಾರ್ಪಣೆ ಮುಗಿದು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ ಮೇಲೆ ಒಬ್ಬಳು ಎದ್ದು ನಿಂತಳು. "ಸರ್, ಪಾಠ ಯಾವಾಗ?"

ನನ್ನ ಮಗಳೇ. ಭೂಮಿಗಿಳಿದು ಹೋದೆ ನಾನು. ಮೇಷ್ಟ್ರು ಬಾಯಿ ತೆರೆದರು. ನಾನು ಮೂವತ್ತೊಂದನೇ ನಿಯಮದ ಪುಟ ತೆರೆದು ತೋರಿಸಿದೆ. ಅವರು ಬಾಯಿ ಮುಚ್ಚಿ ಮತ್ತೆ ಗುಂಡಿ ಒತ್ತಿದರು. ಅವರ ಕಣ್ಣಲ್ಲಿ ನೀರಿತ್ತು, ಆನಂದಬಾಷ್ಪ ಎಂದು ವರದಿಯಲ್ಲಿ ಬರೆದೆ. ಅವರ ಜೇಬಿನೊಳಗೆ ಕಾಗದ ಮಡಿಸುವ ಸದ್ದು ಕೇಳಿದ್ದು ನಿಜ. ಅದಕ್ಕೆ ನಿಯಮವಿಲ್ಲದ್ದರಿಂದ ಬರೆಯಲಿಲ್ಲ.

ಸಂಜೆ ಮನೆಯಲ್ಲಿ ಮಗಳನ್ನು ಚೆನ್ನಾಗಿ ಗದರಿಸಿದೆ. "ಸಂಬಂಧಪಡದ ಪ್ರಶ್ನೆ ಕೇಳ್ತಾರೇನೇ?" ಕಲಿತದ್ದನ್ನು ತೋರಿಸಲಿ ಎಂದು ತಟ್ಟೆಯಲ್ಲಿ ಒಂದು ಬನ್ನು ಇಟ್ಟು, ಪಕ್ಕದಲ್ಲಿ ಚಾಕು ಇಟ್ಟೆ. ಮನೆಯಲ್ಲಿ ನಾವು ನಾಲ್ಕು ಜನ. "ಎಲ್ಲರಿಗೂ ಸಮವಾಗಿ ಹಂಚು ನೋಡೋಣ."

ಮಗಳು ಎದ್ದು ನಿಂತಳು. ಕೈ ಜೋಡಿಸಿ ಮೊದಲು ಅಜ್ಜಿಗೆ, ಆಮೇಲೆ ಅಮ್ಮನಿಗೆ, ಕೊನೆಗೆ ನನಗೆ ಸ್ವಾಗತ ಕೋರಿದಳು. ನನ್ನ ಪರವಾಗಿ ಒಂದು ಸಂದೇಶ ಓದಿದಳು. ತಟ್ಟೆಗೂ ಚಾಕುವಿಗೂ ವಂದನೆ ಅರ್ಪಿಸಿ, ತಟ್ಟೆ ಎತ್ತಿಕೊಂಡು ಅಡುಗೆಮನೆಯೊಳಗೆ ಇಟ್ಟು ಬಂದಳು.

"ಬನ್ನು ಎಲ್ಲೇ?" ಅಂದಳು ನನ್ನ ಹೆಂಡತಿ.

"ಅದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ ಅಮ್ಮ."

"ಎಷ್ಟು ಅಚ್ಚುಕಟ್ಟಾಗಿ ಕಲಿಸಿದ್ದಾರಪ್ಪ!" ಎಂದು ನಮ್ಮಮ್ಮ ಬೆರಗಾದರು. ಹೊಟ್ಟೆ ಹಸಿದಿತ್ತು. ಆದರೂ ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.