ಹನ್ನೊಂದು ಬಡವರು ಕಡಿಮೆ ಬಿದ್ದ ಶಾಲೆಯ ವಿಷಯವಾಗಿ

ಅನುದಾನ ಅರ್ಹತಾ ವಿಭಾಗದ ಮುಖ್ಯಸ್ಥರಿಗೆ,
ಹಾರ್ಲೋ ಬೆಂಡ್ ಶಾಲಾ ಆಡಳಿತ ಕಚೇರಿ, ಮಿಶಿಗನ್

ಮಾನ್ಯರೇ,

ತಾವೂ ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಯೂ ಈ ಉದ್ದನೆಯ ಚಳಿಗಾಲವನ್ನು ದಾಟಿ ಮಾರ್ಚ್ ತಿಂಗಳ ಕೆಸರಿಗೆ ಕ್ಷೇಮವಾಗಿ ಬಂದು ತಲುಪಿದ್ದೀರೆಂದು ನಂಬಿ, ಟ್ಯಾಮರಾಕ್ ರಸ್ತೆಯ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯಲ್ಲಿರುವ ಓಪಲ್ ಎಂಬ ಎಂಟು ವರ್ಷದ ಹುಡುಗಿಯ ತಂದೆಯೂ ಟಯರ್ ಗೋದಾಮಿನ ನೌಕರನೂ ಆದ ವೆಂಡೆಲ್ ಹಾಸ್ಕಿನ್ಸ್ ಎಂಬ ನಾನು, ನಮ್ಮೂರ ವಾರಪತ್ರಿಕೆಯ ಮೂಲಕ ಈ ಪತ್ರವನ್ನು ತಮಗೆ ಒಪ್ಪಿಸುತ್ತಿದ್ದೇನೆ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ತಮ್ಮ ಕಂಪ್ಯೂಟರು ಕಳಿಸಿದ ಮೂರು ಉತ್ತರಗಳಲ್ಲಿ ಎಷ್ಟು ಸೌಜನ್ಯವಿತ್ತೆಂದರೆ, ಅದನ್ನು ನಾನೊಬ್ಬನೇ ಅನುಭವಿಸುವುದು ಸ್ವಾರ್ಥವಾದೀತೆಂದು ತೋರಿತು.

ಮೊದಲು ಅಭಿನಂದನೆಗಳು. ಹೋದ ವರ್ಷ ನಮ್ಮ ಶಾಲೆಯ ಇನ್ನೂರ ಅರವತ್ತೆರಡು ಮಕ್ಕಳಲ್ಲಿ ನೂರ ಎಪ್ಪತ್ತೊಂದು ಮಕ್ಕಳು ಬಡವರಾಗಿದ್ದರು. ಈ ವರ್ಷ ಮಕ್ಕಳ ಸಂಖ್ಯೆ ಅಷ್ಟೇ ಇದೆ, ಬಡವರು ತೊಂಬತ್ತನಾಲ್ಕಕ್ಕೆ ಇಳಿದಿದ್ದಾರೆ. ಕಾರಿನ ಸೀಟು ಹೊಲಿಯುವ ಕಾರ್ಖಾನೆಯ ಗೇಟಿಗೆ ಹಾಕಿದ ಸರಪಳಿ ಈಗಲೂ ಅಲ್ಲೇ ತುಕ್ಕು ಹಿಡಿಯುತ್ತಿರುವಾಗ, ಯಾರ ಮನೆ ಬಾಡಿಗೆಯೂ ಇಳಿಯದಿರುವಾಗ, ನನ್ನ ಹೆಂಡತಿ ಲುವಾನ್ ವೃದ್ಧಾಶ್ರಮದಲ್ಲಿ ಮೊದಲಿನಂತೆಯೇ ಎರಡು ಪಾಳಿ ದುಡಿಯುತ್ತಿರುವಾಗ, ಒಂದು ಬೇಸಿಗೆ ರಜೆಯಷ್ಟರಲ್ಲಿ ಎಪ್ಪತ್ತೇಳು ಮಕ್ಕಳನ್ನು ಬಡತನದಿಂದ ಮೇಲೆತ್ತಿದ ಕಚೇರಿ ಈ ದೇಶದಲ್ಲಿ ಇನ್ನೊಂದಿರಲಾರದು. ಮೇಲೆತ್ತಲ್ಪಟ್ಟವರಿಗೆ ಅದು ತಿಳಿಯಲೇ ಇಲ್ಲ ಎಂಬಲ್ಲಿ ತಮ್ಮ ಕೈಯ ನಯ ಕಾಣುತ್ತದೆ.

ಇದು ಹೇಗಾಯಿತೆಂದು ತಮಗೆ ಗೊತ್ತಿದೆ. ಪತ್ರಿಕೆ ಓದುವ ಇತರರಿಗಾಗಿ ಹೇಳುತ್ತೇನೆ. ನಮ್ಮ ಕಡೆ ನೂರಕ್ಕೆ ನಲವತ್ತು ಮಕ್ಕಳು ಬಡವರಾಗಿದ್ದರೆ ಆ ಶಾಲೆಗೆ ಸರ್ಕಾರದ ವಿಶೇಷ ಅನುದಾನ ಬರುತ್ತದೆ, ಮೂವತ್ತೊಂಬತ್ತಾದರೆ ಬರುವುದಿಲ್ಲ. ಸರ್ಕಾರದ ಆಹಾರ ಸಹಾಯ ಪಡೆಯುವವರ ಹೆಸರನ್ನು ಸರ್ಕಾರವೇ ಬಡವರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ದುಡಿದೂ ಸಾಲದವರು ಮಾತ್ರ, ಮನೆಯಲ್ಲಿ ಎಷ್ಟು ಜನ, ಎಷ್ಟು ಸಂಪಾದನೆ ಎಂದು ಶಾಲೆ ಕೊಡುವ ಒಂದು ಹಾಳೆಯಲ್ಲಿ ತಾವೇ ಬರೆದು ಸಹಿ ಹಾಕಬೇಕು. ಹಿಂದೆ ಆ ಹಾಳೆ ತುಂಬಿದರೆ ಮಗುವಿಗೆ ಮಧ್ಯಾಹ್ನದ ಊಟ ಬಿಟ್ಟಿ ಸಿಗುತ್ತಿದ್ದರಿಂದ ಎಲ್ಲರೂ ತುಂಬುತ್ತಿದ್ದರು. ಆಮೇಲೆ ನಮ್ಮ ರಾಜ್ಯ ದೊಡ್ಡ ಮನಸ್ಸು ಮಾಡಿ, ಇದ್ದವರು ಇಲ್ಲದವರು ಎನ್ನದೆ ಎಲ್ಲ ಮಕ್ಕಳಿಗೂ ಊಟ ಬಿಟ್ಟಿ ಮಾಡಿತು. ಊಟವೇ ಸಿಗುತ್ತಿರುವಾಗ ಊಟದ ಹಾಳೆ ಯಾಕೆಂದು ಜನ ಅದನ್ನು ಹಳೆಯ ಪೇಪರಿನ ಜೊತೆ ಬಿಸಾಡಿದರು. ಹೀಗೆ ಹೊಟ್ಟೆ ತುಂಬಿದ ಮಕ್ಕಳು ಲೆಕ್ಕದಿಂದ ಎದ್ದುಹೋದರು, ನಲವತ್ತರ ಗೆರೆ ಮುಟ್ಟಲು ಹನ್ನೊಂದು ಬಡವರು ಕಡಿಮೆ ಬಿದ್ದರು, ಕ್ರಿಸ್‌ಮಸ್ ರಜೆ ಮುಗಿಯುವ ಹೊತ್ತಿಗೆ ನಮ್ಮ ಓದಿನ ಟೀಚರ್ ಮಿಸೆಸ್ ಪ್ರೂಯಿಟ್ ಅವರ ಹುದ್ದೆಯೂ ಎದ್ದುಹೋಯಿತು.

ಆ ಟೀಚರ್ ಬಗ್ಗೆ ಒಂದು ಮಾತು. ನನ್ನ ಮಗಳು ಎರಡನೆಯ ತರಗತಿಯವರೆಗೂ ಓದುವಂತೆ ನಟಿಸುತ್ತಿದ್ದಳು. ಬೇರೆಯವರು ಓದಿದ್ದನ್ನು ಕಿವಿಯಲ್ಲಿ ಹಿಡಿದಿಟ್ಟು ಒಪ್ಪಿಸುತ್ತಿದ್ದಳು. ಪುಟ ತಿರುಗಿಸುವ ಜಾಗದಲ್ಲಿ ಮಾತ್ರ ಸಿಕ್ಕಿಬೀಳುತ್ತಿದ್ದಳು. ಮಿಸೆಸ್ ಪ್ರೂಯಿಟ್ ರಟ್ಟಿನ ಪಟ್ಟಿಯೊಂದರಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊರೆದು, ಒಂದು ಸಲಕ್ಕೆ ಒಂದೇ ಸಾಲು ಕಾಣುವಂತೆ ಪುಟದ ಮೇಲಿಟ್ಟು, ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ದಿನಕ್ಕೆ ನಲವತ್ತು ನಿಮಿಷದಂತೆ ಇಡೀ ಒಂದು ವರ್ಷ ಅವಳ ಜೊತೆ ಕುಳಿತರು. ಓಪಲ್ ಯಾರ ನೆರವೂ ಇಲ್ಲದೆ ಮೊದಲು ಓದಿದ್ದು ಶಾಲಾ ಬಸ್ಸಿನೊಳಗೆ ಬರೆದಿದ್ದ ಸೂಚನೆಯನ್ನು. 'ಚಾಲಕರ ಜೊತೆ ಮಾತನಾಡಬೇಡಿ' ಎಂಬುದನ್ನು ಅವಳು ಅಕ್ಷರ ಅಕ್ಷರವಾಗಿ, ಗಟ್ಟಿಯಾಗಿ, ಚಾಲಕನಿಗೇ ಓದಿ ಹೇಳಿದಳು. ಆತ, "ಇಪ್ಪತ್ತು ವರ್ಷದಲ್ಲಿ ಅದನ್ನ ಓದಿದೋಳು ನೀನೊಬ್ಳೇ ನೋಡವ್ವ" ಎಂದನಂತೆ.

ಈಗ ಆ ಕೋಣೆಯಲ್ಲಿ ಮಡಚುವ ಕುರ್ಚಿಗಳಿವೆ. ಅವುಗಳನ್ನು ಬಹಳ ಚೆನ್ನಾಗಿ ಜೋಡಿಸಿದ್ದಾರೆ. ಓಪಲ್ ಮತ್ತೆ ಪುಟವನ್ನು ಅವಸರವಾಗಿ ತಿರುಗಿಸುತ್ತಿದ್ದಾಳೆ.

ತಮ್ಮ ಸಾಧನೆಯ ಕೀರ್ತಿ ದೂರದವರೆಗೂ ಹರಡಿದೆ ಎಂಬುದನ್ನು ಸಂತೋಷದಿಂದ ತಿಳಿಸುತ್ತೇನೆ. ಅನುದಾನವಿದ್ದಷ್ಟು ಕಾಲ ನಮ್ಮದು ಬಡವರ ಶಾಲೆ ಎಂದು ಹೆಸರಾಗಿತ್ತು. ಗುಡ್ಡದ ಮೇಲಿನ ಹೊಸ ಬಡಾವಣೆಯವರು ಬೇರೆ ಶಾಲೆ ಆರಿಸಿಕೊಳ್ಳುವ ತಮ್ಮ ಹಕ್ಕನ್ನು ಹಿಮ ಬೀಳುವ ದಿನಗಳಲ್ಲೂ ಬಿಡದೆ ಚಲಾಯಿಸಿ, ಮಕ್ಕಳನ್ನು ಒಂಬತ್ತು ಮೈಲಿ ದೂರಕ್ಕೆ ಕಾರಿನಲ್ಲಿ ಬಿಟ್ಟು ಬರುತ್ತಿದ್ದರು. ಆ ಪಟ್ಟ ಕಳಚಿದ ಒಂದು ತಿಂಗಳೊಳಗೆ, ಮನೆ ಮಾರುವ ದಲ್ಲಾಳಿಗಳ ನಕ್ಷೆಯಲ್ಲಿ ನಮ್ಮ ಬೀದಿಯ ಬಣ್ಣ ಒಳ್ಳೆಯ ಶಾಲೆಯ ಬಣ್ಣಕ್ಕೆ ಬದಲಾಯಿತು. ನಮ್ಮ ಎದುರು ಮನೆಗೆ ಗ್ರೇಡಿ ಮತ್ತು ಮರಿಸ್ಸಾ ಎಂಬ ದಂಪತಿಗಳು ಬಂದರು. ಒಳ್ಳೆಯವರು, ಬಂದ ವಾರವೇ ನಮ್ಮ ಮುಂಬಾಗಿಲ ಹಿಮವನ್ನೂ ತೆಗೆದರು. ಅವರ ಮಗ ಓದುವುದರಲ್ಲಿ ಹಿಂದೆ. ಇಲ್ಲಿ ಓದಿಸುವುದಕ್ಕೆಂದೇ ಒಂದು ಕೋಣೆ, ಒಬ್ಬ ಟೀಚರ್ ಇದ್ದಾರೆಂದು ಯಾರೋ ಹೇಳಿದ್ದನ್ನು ಕೇಳಿ, ಈಗಂತೂ ಶಾಲೆಗೆ ಅಂಥ ಹೆಸರೂ ಇಲ್ಲವೆಂದು ಧೈರ್ಯ ಮಾಡಿ ಮನೆ ಕೊಂಡಿದ್ದರು. ಮರಿಸ್ಸಾ ಲುವಾನ್‌ಳ ಕೈ ಹಿಡಿದು, "ಇಂಥ ಸ್ಕೂಲನ್ನ ಇಷ್ಟು ದಿನ ನಿಮ್ಮೊಳಗೇ ಗುಟ್ಟಾಗಿ ಇಟ್ಕೊಂಡಿದ್ರಲ್ಲ ನೀವು" ಎಂದಳು. ಆ ಕೋಣೆ ಯಾವ ಕಡೆ ಎಂದೂ ಕೇಳಿದಳು. ಮೆಟ್ಟಿಲ ಕೆಳಗೆ ಎಂದು ಲುವಾನ್ ಹೇಳಿದಳು. ಅದು ಸುಳ್ಳಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಹಿರಂಗ ಪತ್ರ ಎಂದು ಹೆಸರಿಟ್ಟ ಮೇಲೆ ಅದು ಬರೆದವನ ಕಡೆಗೂ ಸ್ವಲ್ಪ ತೆರೆದಿರಬೇಕು.

ಸೆಪ್ಟೆಂಬರಿನಲ್ಲಿ ಶಾಲೆಯ ಕಚೇರಿಯ ಬರ್ನಿಸ್ ಟಲ್ಲಿ ಮನೆಮನೆಗೂ ಫೋನು ಮಾಡಿ, ಊಟಕ್ಕಲ್ಲದಿದ್ದರೂ ಅನುದಾನಕ್ಕೆ ಆ ಹಾಳೆ ಬೇಕೇ ಬೇಕೆಂದು ಬೇಡಿಕೊಂಡರು. ಎಲ್ಲ ಹಾಳೆ ತಂದ ತರಗತಿಗೆ ಐಸ್‌ಕ್ರೀಂ ಕೊಡುವುದಾಗಿಯೂ ಹೇಳಿದ್ದರು. ನಾನು ಅದೇ ಶಾಲೆಯಲ್ಲಿ ಓದುವಾಗಲೂ ಆ ಕುರ್ಚಿಯಲ್ಲಿದ್ದವರು ಅವರೇ. ಆದ್ದರಿಂದ ನನ್ನೊಡನೆ ಸಲಿಗೆಯಿಂದ ಮಾತಾಡುತ್ತಾರೆ. "ಒಂದು ಹಾಳೆ ಕಣೋ ವೆಂಡೆಲ್. ನಾನು ಕೇಳ್ತಿರೋದು ನಿನ್ನ ಸಹಿನಪ್ಪ, ನಿನ್ನ ಮಾನ ಅಲ್ಲ" ಎಂದರು. ನಾಳೆ ಕಳಿಸುತ್ತೇನೆಂದೆ.

ಇತರರಂತೆ ನಾನು ಅದನ್ನು ಓದದೆ ಬಿಸಾಡಲಿಲ್ಲ. ಪೂರ್ತಿ ಓದಿದೆ. ಮೂರು ಹೆಸರು ಬರೆದೆ, ಸಂಪಾದನೆ ಬರೆದೆ, ಸಹಿ ಹಾಕಬೇಕಾದ ಕೊನೆಯ ಗೆರೆಗೆ ಬಂದೆ. ನಾನು ಹುಡುಗನಾಗಿದ್ದಾಗ ಬಿಟ್ಟಿ ಊಟದವರಿಗೆ ಹಳದಿ ಚೀಟಿ, ದುಡ್ಡು ಕೊಟ್ಟವರಿಗೆ ಬಿಳಿ ಚೀಟಿ ಇತ್ತು. ಹಳದಿಯವರು ಸರದಿಯಲ್ಲಿ ನಿಲ್ಲುವಾಗ ಬಣ್ಣ ಕಾಣದಂತೆ ಚೀಟಿಯನ್ನು ಅಂಗೈಯಲ್ಲಿ ಮಡಚಿ ಹಿಡಿಯುವ ಒಂದು ರೀತಿಯಿತ್ತು. ನಲವತ್ತು ವರ್ಷವಾದರೂ ಬೆರಳಿಗೆ ಆ ಮಡಿಕೆ ನೆನಪಿದೆ. ಪೆನ್ನಿನಲ್ಲಿ ಮಸಿ ಇತ್ತು. ಹಾಳೆಯನ್ನು ಅಡುಗೆಮನೆಯ ಡ್ರಾಯರಿನಲ್ಲಿ, ಸತ್ತ ಬ್ಯಾಟರಿಗಳ ಕೆಳಗೆ ಇಟ್ಟೆ. ಕಳಿಸಿದೆಯಾ ಎಂದು ಲುವಾನ್ ಕೇಳಿದಾಗ ಹೂಂ ಎಂದೆ. ತಾವು ಹುಡುಕುತ್ತಿರುವ ಹನ್ನೊಂದರಲ್ಲಿ ಒಂದು ನಮ್ಮ ಮನೆಯಲ್ಲಿದೆ. ಈ ಶನಿವಾರ ಪತ್ರಿಕೆ ಬಂದಾಗ ತಮ್ಮ ಜೊತೆಗೇ ನನ್ನ ಹೆಂಡತಿಗೂ ಅದು ತಿಳಿಯುತ್ತದೆ.

ಉಳಿದ ಹತ್ತು ಮಕ್ಕಳ ಬಗ್ಗೆ ಕೆಲವು ವಿನಮ್ರ ಬೇಡಿಕೆಗಳಿವೆ. ನದಿಯಾಚೆಯ ಡಿಪೋ ರಸ್ತೆಯ ಶಾಲೆಯಲ್ಲಿ ಬಡವರು ನೂರಕ್ಕೆ ಎಪ್ಪತ್ತರ ಮೇಲಿದ್ದು, ಅಲ್ಲಿ ಹೆಚ್ಚಾಗಿರುವವರಲ್ಲಿ ಹತ್ತು ಮಂದಿಯನ್ನು ಅಕ್ಟೋಬರಿನ ಎಣಿಕೆಯ ದಿನದ ಮಟ್ಟಿಗೆ ನಮಗೆ ಕಡ ಕೊಡಬೇಕು. ಊಟ ಹಾಕಿ, ಜೋಪಾನವಾಗಿ ಹಿಂತಿರುಗಿಸುತ್ತೇವೆ. ಅದು ನಿಯಮದಲ್ಲಿ ಇಲ್ಲವಾದರೆ, ಬಡತನದಿಂದ ಪಾರಾದ ಎಪ್ಪತ್ತೇಳು ಮನೆಗಳಿಗೂ ತಮ್ಮ ಮೊಹರಿರುವ ಒಂದೊಂದು ಪ್ರಮಾಣಪತ್ರ ಕೊಡಬೇಕು. ಅದನ್ನು ಹಲ್ಲಿನ ಡಾಕ್ಟರಿಗೂ ಮನೆ ಮಾಲೀಕನಿಗೂ ತೋರಿಸಿ, ನಾವೀಗ ಅಂಥವರಲ್ಲವಂತೆ, ದಯವಿಟ್ಟು ಅದಕ್ಕೆ ತಕ್ಕಂತೆ ನಡೆದುಕೊಳ್ಳಿ ಎಂದು ಕೇಳುವ ಆಸೆಯಿದೆ.

ಇನ್ನು ನಿಜವಾದ ವಿಷಯ. ಮಿಸೆಸ್ ಪ್ರೂಯಿಟ್ ಅವರನ್ನು ತಾವು ಅದೇ ಡಿಪೋ ರಸ್ತೆಯ ಶಾಲೆಗೆ ಕಳಿಸಿದ್ದೀರಿ. ಇಷ್ಟವಿರುವ ಪೋಷಕರು ಮಕ್ಕಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದೆಂದೂ, ಈ ತಿಂಗಳ ಕೊನೆಯೊಳಗೆ ಅರ್ಜಿ ಕೊಡಬೇಕೆಂದೂ ತಮ್ಮ ಕಚೇರಿಯಿಂದ ಪತ್ರ ಬಂದಿದೆ. ಈಗಾಗಲೇ ಏಳು ಮನೆಯವರು ಕೊಟ್ಟಿದ್ದಾರೆ, ಏಳೂ ನಮ್ಮಂಥ ಮನೆಗಳು. ನಾವೂ ಹೊರಟರೆ ಎಂಟು. ಹೀಗೇ ನಡೆದರೆ ಮುಂದಿನ ಎಣಿಕೆಯಲ್ಲಿ ಹಾಳೆಯ ಹಂಗೇ ಇಲ್ಲದೆ ನಮ್ಮ ಶಾಲೆಯಲ್ಲಿ ನಿಜಕ್ಕೂ ಬಡವರು ಕಡಿಮೆಯಾಗಿರುತ್ತಾರೆ, ತಮ್ಮ ಲೆಕ್ಕ ತಾನಾಗಿ ಸರಿಯಾಗುತ್ತದೆ. ಇದನ್ನು ನಾನು ಲುವಾನ್‌ಗೆ ವಿವರಿಸಿ, ಎಲ್ಲರೂ ಬಿಟ್ಟುಹೋದರೆ ಶಾಲೆಯ ಗತಿಯೇನು ಎಂದು ಸ್ವಲ್ಪ ದೊಡ್ಡ ದನಿಯಲ್ಲೇ ಕೇಳಿದೆ. ಅವಳು ಪಾಳಿಯ ಬೂಟು ಬಿಚ್ಚುತ್ತಿದ್ದಳು.

"ಸ್ಕೂಲಿನ ಗತಿ ನೋಡ್ಕೊಳ್ಳೋಕೆ ಆಫೀಸ್ ಇದೆ. ಓಪಲ್‌ಗೆ ನಾವಿಬ್ರೇ ಇರೋದು" ಎಂದಳು.

ಆದ್ದರಿಂದ ಒಂದೇ ಲಕೋಟೆಯಲ್ಲಿ ಎರಡು ಹಾಳೆಗಳನ್ನು ಇಟ್ಟು ತಮಗೆ ಬೇರೆಯಾಗಿ ಕಳಿಸಿದ್ದೇನೆ. ಒಂದು ಡ್ರಾಯರಿನದು, ಆರು ತಿಂಗಳು ತಡವಾಗಿ ಸಹಿ ಮಾಡಿದ್ದೇನೆ, ಇಂದಿನ ತಾರೀಕನ್ನೇ ಹಾಕಿದ್ದೇನೆ. ನಾವು ಟ್ಯಾಮರಾಕ್ ರಸ್ತೆಯ ಶಾಲೆಯ ಬಡವರು ಎಂದು ಅದರಲ್ಲಿದೆ. ಇನ್ನೊಂದು ವರ್ಗಾವಣೆಯ ಅರ್ಜಿ. ನಾವು ಆ ಶಾಲೆ ಬಿಡುತ್ತಿದ್ದೇವೆ ಎಂದು ಅದರಲ್ಲಿದೆ. ಎರಡೂ ನಿಜ. ಮೊದಲನೆಯದನ್ನು ಸ್ವೀಕರಿಸಿ ಟೀಚರನ್ನು ಹಿಂದಕ್ಕೆ ಕಳಿಸುವುದಾದರೆ ಎರಡನೆಯದನ್ನು ಹರಿದುಹಾಕಿ. ಅವಧಿ ಮೀರಿದೆ ಎನ್ನುವುದಾದರೆ ಎರಡನೆಯದಕ್ಕೆ ಮೊಹರು ಒತ್ತಿ. ಸೋಮವಾರದಿಂದಲೇ ಅವಳನ್ನು ಸೇತುವೆ ದಾಟಿಸಲು ಗೋದಾಮಿನಲ್ಲಿ ನನ್ನ ಪಾಳಿ ಬದಲಿಸಿಕೊಂಡಿದ್ದೇನೆ.

ತಮ್ಮ ಎಣಿಕೆಗೆ ತಪ್ಪಿಹೋದ,
ತಮ್ಮ ವಿಶ್ವಾಸಿ,
ವೆಂಡೆಲ್ ಹಾಸ್ಕಿನ್ಸ್

ಮರೆತ ಮಾತು: ಈ ಪತ್ರ ಮೇಜಿನ ಮೇಲಿದ್ದಾಗ ಓಪಲ್ ಅದನ್ನು ಓದಲು ಕುಳಿತಳು. ಮೊದಲ ವಾಕ್ಯವನ್ನೇ ಅವಳಿಗೆ ದಾಟಲಾಗಲಿಲ್ಲ. ಅದರಲ್ಲಿ ಅರ್ಧ ತಪ್ಪು ನನ್ನದು. ತನ್ನ ಹೆಸರು ಸಿಕ್ಕ ಕಡೆ ಬೆರಳಿಟ್ಟು, "ಅಪ್ಪ, ಇದು ನಾನು. ಮುಂದೇನಿದೆ?" ಎಂದಳು. ಅದು ತಮಗೆ ಗೊತ್ತಿದೆ, ತಾವು ಬರೆದು ತಿಳಿಸುತ್ತೀರಿ ಎಂದಿದ್ದೇನೆ. ಆದಕಾರಣ ಉತ್ತರವನ್ನು ಸಣ್ಣ ಸಣ್ಣ ಪದಗಳಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆಯಬೇಕಾಗಿ ಪ್ರಾರ್ಥನೆ. ಲಕೋಟೆ ಒಡೆಯುವವಳು ಅವಳೇ.